ಜಿಮ್ನಿಯ ಮೂಲೆಯಲ್ಲೊಂದು ಸಬ್‌ವೂಫರ್

ಮೂರು ಬಾಗಿಲಿನ ಸುಜುಕಿ ಜಿಮ್ನಿಯಲ್ಲಿ ಹಿಂದಿನ ಸೀಟು ಎತ್ತಿ ನಿಲ್ಲಿಸಿದರೆ ಹಿಂದೆ ಸಾಮಾನು ಇಡುವ ಬೂಟಿನಲ್ಲಿ ಉಳಿಯುವ ಜಾಗ 85 ಲೀಟರ್. ಒಂದು ಬ್ಯಾಗು, ಒಂದು ಜೊತೆ ಶೂ, ಗಾಡಿ ಎಳೆಯುವ ಹಗ್ಗ ಇಟ್ಟರೆ ಮುಗಿಯಿತು. ಇಂಥ ಗಾಡಿಗೆ ಸಬ್‌ವೂಫರ್, ಅಂದರೆ ಕೆಳಸ್ಥಾಯಿಯ ಬೇಸ್ ಸದ್ದಿಗೆಂದೇ ಇರುವ ಸ್ಪೀಕರ್, ಯಾಕೆ ಅಂತ ಕೇಳಿದವರೇ ಜಾಸ್ತಿ. ಬೇಕು ಅಂತ ನನಗೆ ಅನ್ನಿಸಿದ್ದಕ್ಕೆ ಕಾರಣ ಇದೆ, ಅದನ್ನ ಮೊದಲು ಹೇಳಿಬಿಡುತ್ತೇನೆ.

ಇಂಥ ಗಾಡಿಗಳ ಗದ್ದಲ ಬೇರೆ ಥರ. ದಪ್ಪ ಗುಂಡಿಯ ಆಫ್‌ರೋಡ್ ಟೈರು, ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸು, ಗಾಳಿಗೆ ಎದೆಕೊಟ್ಟು ನಿಂತ ಚೌಕಾಕಾರದ ಬಾಡಿ. ಇವೆಲ್ಲ ಸೇರಿ ಮಾಡುವ ಸದ್ದಿನಲ್ಲಿ ಕೆಳಸ್ಥಾಯಿಯದೇ ಮೇಲುಗೈ, ಒಂದೇ ಸಮನೆ ಗುಂಯ್ ಅನ್ನುವ ಸದ್ದು. ಹಾಡಿನಲ್ಲಿ ಮೃದಂಗದ ಎಡಗೈ, ತಬಲಾದ ಬಾಯಾ, ಬೇಸ್ ಗಿಟಾರು ಇರುವುದೂ ಅದೇ ಜಾಗದಲ್ಲಿ. ಹಾಗಾಗಿ ಗಾಡಿ ನಿಂತಿದ್ದಾಗ ಚೆನ್ನಾಗಿ ಕೇಳುವ ಹಾಡು ಓಡುವಾಗ ಸೊರಗಿಹೋಗುತ್ತದೆ. ಆಗ ಕೈ ತಾನಾಗೇ ವಾಲ್ಯೂಮ್ ಕಡೆ ಹೋಗುತ್ತೆ. ವಾಲ್ಯೂಮ್ ಏರಿಸಿದರೆ ಬೇಸ್ ಬರುವುದಿಲ್ಲ, ಗಾಯಕರ ಸಕಾರ, ಜಾಗಟೆ, ಪಿಟೀಲು ಮಾತ್ರ ಕಿವಿಗೆ ಚುಚ್ಚುತ್ತವೆ. ಒಂದು ಗಂಟೆ ಓಡಿಸಿ ಇಳಿದರೆ ತಲೆ ಭಾರ. ನನಗೆ ಬೇಕಿದ್ದದ್ದು ಪಕ್ಕದ ಗಾಡಿಯ ಗಾಜು ನಡುಗಿಸುವ ಬೇಸ್ ಅಲ್ಲ. ಕಡಿಮೆ ವಾಲ್ಯೂಮಿನಲ್ಲೇ ಹಾಡು ಪೂರ್ತಿ ಕೇಳಬೇಕು, ಅಷ್ಟೇ.

ಇದರ ಜೊತೆ ಕೆಲವು ಷರತ್ತು ಹಾಕಿಕೊಂಡೆ. ಬಾಡಿಗೆ ಹೊಸ ತೂತು ಕೊರೆಯಬಾರದು. ಹಿಂದಿನ ಸೀಟು ಮೊದಲಿನಂತೆ ಮಡಚಬೇಕು, ಎತ್ತಬೇಕು. ಹಳ್ಳ ದಾಟುವಾಗ ಕಾಲಡಿಗೆ ಸ್ವಲ್ಪ ನೀರು ಬಂದರೂ ಏನೂ ಸುಡಬಾರದು. ಕಲ್ಲುದಾರಿಯಲ್ಲಿ ಎಷ್ಟು ಕುಲುಕಿದರೂ ಡಬ್ಬ ಅಲ್ಲಾಡಬಾರದು. ಈ ಗಾಡಿ ತಗೊಂಡಿದ್ದೇ ಅಂಥ ಜಾಗಕ್ಕೆ ಹೋಗುವುದಕ್ಕೆ, ಆ ಕೆಲಸಕ್ಕೆ ಅಡ್ಡ ಬರುವ ಬೇಸ್ ನನಗೆ ಬೇಡ. ಮುಂದೆ ಹೇಳುವ ಪ್ರತಿಯೊಂದು ನಿರ್ಧಾರವೂ ಈ ಷರತ್ತುಗಳಿಂದಲೇ ಬಂದದ್ದು.

ಮೊದಲು ನೋಡಿದ್ದು ಸೀಟಿನ ಕೆಳಗೆ ತಳ್ಳುವ ಚಪ್ಪಟೆ ಸಬ್‌ವೂಫರ್. ಆಂಪ್ಲಿಫೈಯರ್ ಅದರೊಳಗೇ ಇರುತ್ತದೆ, ವೈರ್ ಕೊಟ್ಟರೆ ಕೆಲಸ ಆಯಿತು. ಜಾಗ ತಿನ್ನುವುದಿಲ್ಲ. ನಗರದಲ್ಲೇ ಓಡಿಸುವವರಿಗೆ ಅದೇ ಸಾಕು, ಸುಮ್ನೆ ಡಬ್ಬ ಕಟ್ಟುವ ಗೋಜಿಗೆ ಹೋಗಬೇಡಿ. ಆದರೆ ನೀರು ಒಳಗೆ ಬಂದರೆ ಮೊದಲು ನಿಲ್ಲುವುದು ಅಲ್ಲೇ, ಸೀಟಿನ ಕೆಳಗೆ, ಮ್ಯಾಟ್ ಮೇಲೆ. ಆಂಪ್ಲಿಫೈಯರ್ ಇಡಲು ಅದಕ್ಕಿಂತ ಕೆಟ್ಟ ಜಾಗ ಗಾಡಿಯಲ್ಲಿ ಇನ್ನೊಂದಿಲ್ಲ. ಕೆಸರು ಶೂ, ಧೂಳು ಬೇರೆ. ಇನ್ನೊಂದು ವಿಷಯ, ಅನೇಕ ಗಾಡಿಗಳಲ್ಲಿ ಮುಂದಿನ ಸೀಟಿನ ಕೆಳಗೆ ಹಳದಿ ಕನೆಕ್ಟರಿನ ವೈರ್ ಹೋಗಿರುತ್ತದೆ. ಅದು ಏರ್‌ಬ್ಯಾಗಿನದು. ಅಲ್ಲಿ ಕೈಯಾಡಿಸುವ ಮುಂಚೆ ಬ್ಯಾಟರಿಯ ನೆಗೆಟಿವ್ ತೆಗೆದು ಸ್ವಲ್ಪ ಹೊತ್ತು ಬಿಡಬೇಕು, ಆ ಕನೆಕ್ಟರ್ ಬಿಚ್ಚಿರುವಾಗ ಇಗ್ನಿಷನ್ ಆನ್ ಮಾಡಬಾರದು.

ಹಾಗಾಗಿ ಬೂಟಿನ ಒಂದು ಮೂಲೆ ಆರಿಸಿದೆ. ಪಕ್ಕದ ಗೋಡೆಗೆ ಒರಗಿ ಎತ್ತರವಾಗಿ ನಿಲ್ಲುವ ಸಣ್ಣ ಡಬ್ಬ, ಅದರಲ್ಲಿ 8 ಇಂಚಿನ ಒಂದು ತೆಳು ಸಬ್‌ವೂಫರ್. ನೆಲ ಹೆಚ್ಚು ಆಕ್ರಮಿಸಬಾರದು, ಎತ್ತರದ ಜಾಗ ಹೇಗೂ ಖಾಲಿ ಇರುತ್ತದೆ ಅನ್ನುವ ಲೆಕ್ಕ.

8 ಇಂಚು ಸಾಕಾ ಅಂತ ನನಗೂ ಅನುಮಾನ ಇತ್ತು. ಉತ್ತರ ಸಿಕ್ಕಿದ್ದು ಗಾಡಿಯ ಸಣ್ಣತನದಲ್ಲೇ. 40 ಹರ್ಟ್ಜ್ ಸದ್ದಿನ ಒಂದು ಅಲೆಯ ಉದ್ದ ಸುಮಾರು 8.5 ಮೀಟರ್. ಗಾಡಿಯ ಒಳಗೆ ಅಷ್ಟು ಜಾಗವೇ ಇಲ್ಲ. ಅಲೆಯ ಅರ್ಧ ಉದ್ದವೂ ಕ್ಯಾಬಿನ್ನಿನಲ್ಲಿ ಹಿಡಿಯದಿದ್ದಾಗ ಸದ್ದು ಅಲೆಯಾಗಿ ಓಡಾಡುವುದಿಲ್ಲ, ಸ್ಪೀಕರಿನ ಅಲುಗುವ ಪರದೆ, ಅಂದರೆ ಕೋನು, ಮುಂದೆ ಬಂದಾಗ ಇಡೀ ಕ್ಯಾಬಿನ್ನಿನ ಗಾಳಿಯ ಒತ್ತಡ ಒಟ್ಟಿಗೆ ಏರುತ್ತದೆ, ಹಿಂದೆ ಹೋದಾಗ ಒಟ್ಟಿಗೆ ಇಳಿಯುತ್ತದೆ. ಇದರಿಂದ ಕೆಳಗಿನ ಸ್ವರಗಳು ತಾವಾಗೇ ಜೋರಾಗುತ್ತವೆ. ಇದನ್ನ ಕ್ಯಾಬಿನ್ ಗೇನ್ ಅಂತಾರೆ. ಒಳಗಿನ ಉದ್ದ 2 ಮೀಟರ್ ಅಂತ ಹಿಡಿದರೆ ಇದು ಸುಮಾರು 86 ಹರ್ಟ್ಜ್‌ನಿಂದಲೇ ಶುರುವಾಗುತ್ತದೆ. ದೊಡ್ಡ ಗಾಡಿಯಲ್ಲಿ ಇನ್ನೂ ಕೆಳಗೆ ಇಳಿದ ಮೇಲೆ ಶುರು. ಲೆಕ್ಕದ ಪ್ರಕಾರ ಆವರ್ತನ ಅರ್ಧ ಆದಾಗಲೆಲ್ಲ 12 ಡೆಸಿಬೆಲ್ ಏರಬೇಕು, ನಿಜದಲ್ಲಿ ಬಾಗಿಲ ಸಂದು, ಬಾಗುವ ತಗಡು, ಗಾಜು ಎಲ್ಲ ಸೇರಿ ಒಂದಿಷ್ಟು ಸೋರಿಹೋಗುತ್ತೆ. ಆದರೂ ಸಿಗುವುದು ಕಡಿಮೆಯೇನಲ್ಲ. ಕ್ಯಾನ್ವಾಸ್ ಟಾಪಿನ ಗಾಡಿಯವರಿಗೆ ಮಾತ್ರ ಈ ಲಾಭ ತುಂಬಾ ಕಡಿಮೆ.

ಮುಚ್ಚಿದ ಡಬ್ಬವೋ, ಗಾಳಿಯಾಡಲು ಪೋರ್ಟ್ ಅನ್ನುವ ತೂತು ಇರುವ ಡಬ್ಬವೋ ಅನ್ನುವ ಚರ್ಚೆಯೂ ಇಲ್ಲೇ ಮುಗಿಯಿತು. ಮುಚ್ಚಿದ ಡಬ್ಬದಲ್ಲಿ ಒಳಗಿನ ಗಾಳಿಯೇ ಕೋನಿಗೆ ಸ್ಪ್ರಿಂಗ್. 1954ರಲ್ಲಿ ಎಡ್ಗರ್ ವಿಲ್ಚರ್ ಎಂಬ ಅಮೆರಿಕನ್ ಇದೇ ತತ್ವದ ಮೇಲೆ ಎಆರ್-1 ಸ್ಪೀಕರ್ ಮಾಡಿ, ಬೇಸ್ ಬೇಕಾದರೆ ಬೀರುವಿನಷ್ಟು ದೊಡ್ಡ ಡಬ್ಬ ಬೇಕು ಅನ್ನುವ ನಂಬಿಕೆಯನ್ನೇ ಅಲ್ಲಾಡಿಸಿದರು. ಮುಚ್ಚಿದ ಡಬ್ಬದ ಸದ್ದು ಅದರ ಅನುರಣನದ ಕೆಳಗೆ ಪ್ರತಿ ಆಕ್ಟೇವ್‌ಗೆ, ಅಂದರೆ ಆವರ್ತನ ಅರ್ಧ ಆದಾಗಲೆಲ್ಲ, 12 ಡೆಸಿಬೆಲ್ಲಿನಂತೆ ಇಳಿಯುತ್ತಾ ಹೋಗುತ್ತದೆ. ಸಣ್ಣ ಕ್ಯಾಬಿನ್ ಅಷ್ಟೇ ಓರೆಯಲ್ಲಿ ಏರಿಸುತ್ತಾ ಬರುತ್ತದೆ. ಒಂದು ಇಳಿದದ್ದನ್ನ ಇನ್ನೊಂದು ತುಂಬುತ್ತದೆ. ಪೋರ್ಟ್ ಡಬ್ಬ ಇನ್ನೂ ದೊಡ್ಡದಾಗಬೇಕು, ಆ ತೂತಿನಿಂದ ಧೂಳೂ ಒಳಗೆ ಹೋಗುತ್ತದೆ. ನನ್ನ ಕೆಲಸಕ್ಕೆ ಮುಚ್ಚಿದ ಡಬ್ಬವೇ ಸರಿ.

ಸ್ಪೀಕರ್ ಜೊತೆ ಬಂದ ಕಾಗದದಲ್ಲಿ 12 ಲೀಟರಿನ ಮುಚ್ಚಿದ ಡಬ್ಬ ಅಂತ ಬರೆದಿತ್ತು. ಈ ಕಾಗದವನ್ನ ನಂಬಿ. ಥೀಲ್ ಮತ್ತು ಸ್ಮಾಲ್ ಅನ್ನುವ ಇಬ್ಬರು ಎಂಜಿನಿಯರುಗಳು ಆಸ್ಟ್ರೇಲಿಯಾದಲ್ಲಿ 1960 ಮತ್ತು 70ರ ದಶಕದಲ್ಲಿ ಹಾಕಿಕೊಟ್ಟ ಲೆಕ್ಕದಿಂದ ಬರುವ ಸಂಖ್ಯೆ ಅದು. ಡಬ್ಬ ತೀರಾ ಸಣ್ಣದಾದರೆ ಒಂದೇ ಸ್ವರ ಗುಡುಗುತ್ತದೆ, ಎಲ್ಲ ಹಾಡಿನಲ್ಲೂ ಅದೇ ಧುಂ ಧುಂ. ತೀರಾ ದೊಡ್ಡದಾದರೆ ಕೋನಿಗೆ ಹಿಡಿತ ಇರುವುದಿಲ್ಲ.

ಮೊದಲು ರಟ್ಟಿನಲ್ಲಿ ಡಬ್ಬ ಮಾಡಿ ಮೂಲೆಯಲ್ಲಿಟ್ಟೆ. ಸೀಟು ಎತ್ತಿ ನೋಡಿದೆ, ಮಡಚಿ ನೋಡಿದೆ, ಹಿಂದಿನ ಬಾಗಿಲು ಹಾಕಿ ನೋಡಿದೆ. ಆ ರಟ್ಟಿನ ಡಬ್ಬವನ್ನ ಹಾಗೇ ಗಾಡಿಯಲ್ಲಿ ಬಿಟ್ಟು ದಿನನಿತ್ಯ ಓಡಾಡಿದೆ. ಸಾಮಾನು ಹಾಕುವಾಗ, ತೆಗೆಯುವಾಗ ಅದು ಎಲ್ಲಿ ಕೈಗೆ ತಗಲುತ್ತದೆ ಅಂತ ಅಳತೆಪಟ್ಟಿ ಹೇಳುವುದಿಲ್ಲ, ರಟ್ಟು ಹೇಳುತ್ತದೆ. ಮೇಲಿನ ಒಂದು ಅಂಚನ್ನ ಎರಡು ಬೆರಳಷ್ಟು ಕೆಳಗೆ ತಂದದ್ದು ಇದರಿಂದಲೇ.

ಕೊನೆಗೆ ನಿಂತ ಒಳ ಅಳತೆ 20 × 34 × 19 ಸೆಂಟಿಮೀಟರ್. ಗುಣಿಸಿದರೆ 12.9 ಲೀಟರ್. ಸ್ಪೀಕರಿನ ಮ್ಯಾಗ್ನೆಟ್ಟು, ಬುಟ್ಟಿ, ಒಳಗಿನ ಅಡ್ಡಪಟ್ಟಿ ಇವುಗಳ ಜಾಗ ಕಳೆದರೆ 12 ಲೀಟರಿಗೆ ಹತ್ತಿರ ಹತ್ತಿರ. ಈ ಕಳೆಯುವ ಲೆಕ್ಕ ದೊಡ್ಡ ಡಬ್ಬದಲ್ಲಿ ಅಷ್ಟು ಮುಖ್ಯ ಅಲ್ಲ, 12 ಲೀಟರಿನ ಡಬ್ಬದಲ್ಲಿ ಒಂದು ಲೀಟರ್ ಅಂದರೆ ತುಂಬಾ ಆಯಿತು. ಒಳಗೆ ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿಯನ್ನ ಬಿಡಿಸಿ ಹಗುರವಾಗಿ ತುಂಬಿದೆ, ಅದರಿಂದ ಡಬ್ಬ ಇರುವುದಕ್ಕಿಂತ ಸ್ವಲ್ಪ ದೊಡ್ಡದಾಗಿ ಕೆಲಸ ಮಾಡುತ್ತದೆ.

ಹಲಗೆ ಮರದ ನಾರನ್ನ ಅಂಟಿನಿಂದ ಒತ್ತಿ ಮಾಡುವ ಎಂಡಿಎಫ್ ಅಲ್ಲ, 18 ಮಿಲಿಮೀಟರ್ ದಪ್ಪದ ಮೆರೀನ್ ಪ್ಲೈವುಡ್. ಎಂಡಿಎಫ್ ಕತ್ತರಿಸಲು ಸುಲಭ, ಸದ್ದಿಗೂ ಒಳ್ಳೆಯದು, ಮನೆಯ ಸ್ಪೀಕರಿಗೆ ಅದನ್ನೇ ಬಳಸುತ್ತಾರೆ. ಆದರೆ ನೀರು ಕುಡಿದರೆ ಉಬ್ಬುತ್ತದೆ, ಒಮ್ಮೆ ಉಬ್ಬಿದರೆ ಅಲ್ಲಿಗೆ ಮುಗಿಯಿತು. ಸ್ಕ್ರೂ ಕೂಡ ಕುಲುಕಾಟಕ್ಕೆ ಅದರಲ್ಲಿ ಪುಡಿಪುಡಿಯಾಗಿ ಸಡಿಲ ಆಗುತ್ತದೆ. ಅಂಟು ಹಚ್ಚಿ, ಸ್ಕ್ರೂ ಹಾಕಿ, ಒಳಗಿನ ಮೂಲೆಗಳಿಗೆಲ್ಲ ಸೀಲಂಟ್ ಎಳೆದೆ. ಹೊರಗೆ ಎರಡು ಕೋಟು ಎಪಾಕ್ಸಿ. ಸ್ಪೀಕರನ್ನ ಮರದ ಸ್ಕ್ರೂನಲ್ಲಿ ಬಿಗಿಯಲಿಲ್ಲ, ಹಲಗೆಯ ಹಿಂದೆ ಟೀ-ನಟ್ ಕೂರಿಸಿ ಮೆಷಿನ್ ಸ್ಕ್ರೂ ಹಾಕಿದೆ. ಎಷ್ಟು ಸಲ ಬಿಚ್ಚಿದರೂ ತೂತು ಕೆಡುವುದಿಲ್ಲ.

ಸೋರಿಕೆ ನೋಡುವ ಒಂದು ವಿಧಾನ ಇದೆ. ಸ್ಪೀಕರ್ ಬಿಗಿದ ಮೇಲೆ ಎರಡೂ ಕೈಯ ಬೆರಳುಗಳನ್ನ ಹರಡಿ ಕೋನನ್ನ ಮೆಲ್ಲಗೆ, ನೇರವಾಗಿ ಒಳಗೆ ಒತ್ತಿ, ಬಿಡಿ. ತಟ್ಟನೆ ವಾಪಸ್ ಬಂದರೆ ಎಲ್ಲೋ ಗಾಳಿ ಹೋಗುತ್ತಿದೆ. ನಿಧಾನಕ್ಕೆ ಮೇಲೆದ್ದು ಬಂದರೆ ಡಬ್ಬ ಬಿಗಿಯಾಗಿದೆ. ನನ್ನ ಡಬ್ಬದ ಕೋನು ಆ ಥರ ಸಾವಕಾಶವಾಗಿ ಎದ್ದು ಬಂದಾಗ ಆದ ಖುಷಿ ಹಾಡು ಕೇಳಿದಾಗಲೂ ಆಗಲಿಲ್ಲ ಅನ್ನಬಹುದು.

ಈಗ ಗಾಡಿಗೆ ಬಿಗಿಯುವ ವಿಷಯ. ಇದರ ಬಗ್ಗೆ ಜನ ಮಾತಾಡುವುದು ಕಡಿಮೆ, ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಹಲಗೆ, ಮ್ಯಾಗ್ನೆಟ್ಟು ಎಲ್ಲ ಸೇರಿ 10 ಕಿಲೋ ಹತ್ತಿರದ ವಸ್ತು ನಿಮ್ಮ ತಲೆಯ ಹಿಂದೆ ಕೂತಿರುತ್ತದೆ. ಜೋರಾಗಿ ಬ್ರೇಕ್ ಹಾಕಿದರೆ, ಗಾಡಿ ಮಗುಚಿದರೆ ಅದು ಎಲ್ಲಿಗೆ ಬರುತ್ತದೆ ಅಂತ ಯೋಚಿಸಿ. ವೆಲ್ಕ್ರೋ ಸಾಲದು, ರಬ್ಬರ್ ಹಗ್ಗ ಸಾಲದು. ಬೂಟಿನಲ್ಲಿ ಸಾಮಾನು ಕಟ್ಟಲು ಕಂಪನಿಯೇ ಕೊಟ್ಟ ಕೊಂಡಿಗಳಿರುತ್ತವೆ ಅಲ್ವಾ, ಅವುಗಳ ಬೋಲ್ಟು ಇರುವ ಜಾಗವನ್ನೇ ಬಳಸಿಕೊಂಡೆ. 3 ಮಿಲಿಮೀಟರ್ ದಪ್ಪದ ಕಬ್ಬಿಣದ ಪಟ್ಟಿ ಬಗ್ಗಿಸಿ ಬ್ರಾಕೆಟ್ ಮಾಡಿಸಿದೆ, ಡಬ್ಬದ ತಳಕ್ಕೆ ಒಂದು, ಬೆನ್ನಿಗೆ ಒಂದು. ಪಟ್ಟಿಯ ದಪ್ಪಕ್ಕೆ ತಕ್ಕಂತೆ ಸ್ವಲ್ಪ ಉದ್ದದ ಬೋಲ್ಟು, ಆದರೆ ಅದೇ ಗಾತ್ರ, ಅದೇ ಥ್ರೆಡ್ಡು, ಅದೇ ಗ್ರೇಡು. ಡಬ್ಬದ ಕಡೆ ನೈಲಾನ್ ಇರುವ ಲಾಕ್ ನಟ್. ಸೀಟ್ ಬೆಲ್ಟಿನ ಬೋಲ್ಟು ಕೈಗೆ ಹತ್ತಿರದಲ್ಲೇ ಇರುತ್ತದೆ, ಅದಕ್ಕೇ ಒಂದು ಪಟ್ಟಿ ಸೇರಿಸೋಣ ಅನ್ನಿಸುತ್ತದೆ. ದಯವಿಟ್ಟು ಬೇಡ. ಅದು ಜೀವ ಉಳಿಸುವ ಬೋಲ್ಟು, ಅದರ ಕೆಳಗೆ ಬೇರೇನೂ ಸಿಕ್ಕಿಸಬಾರದು. ನೆಲಕ್ಕೆ ತೂತು ಕೊರೆಯುವವರೂ ಮೊದಲು ಗಾಡಿಯ ಕೆಳಗೆ ಮಲಗಿ ನೋಡಿ, ಪೆಟ್ರೋಲ್ ಟ್ಯಾಂಕು, ಬ್ರೇಕಿನ ಪೈಪು ಅಲ್ಲೇ ಇರಬಹುದು.

ಬ್ರಾಕೆಟ್ಟು ಮತ್ತು ಬಾಡಿಯ ನಡುವೆ ತೆಳು ರಬ್ಬರ್ ಶೀಟ್ ಇಟ್ಟೆ. ಬಣ್ಣ ಉಜ್ಜಿಹೋಗಿ ತುಕ್ಕು ಹಿಡಿಯಬಾರದು ಅಂತ.

ವೈರಿಂಗಿನ ದಿನ ಗೆಳೆಯನೊಬ್ಬ ಜೊತೆಗಿದ್ದ. ಗಾಡಿಗಳ ಎಲೆಕ್ಟ್ರಿಕಲ್ ಕೆಲಸ ಮಾಡಿ ಪಳಗಿದ ಕೈ. ನಾನು ಲೆಕ್ಕ ಹಾಕಿಕೊಂಡು ಹೋಗಿದ್ದೆ. ಆಂಪ್ಲಿಫೈಯರ್ 4 ಓಮ್‌ನ ಸ್ಪೀಕರಿಗೆ 250 ವಾಟ್ ಕೊಡುವಂಥದ್ದು, ಕಡಿಮೆ ಶಕ್ತಿ ಪೋಲು ಮಾಡುವ ಕ್ಲಾಸ್ ಡಿ ಬಗೆಯದು. ಅದರ ದಕ್ಷತೆ ಶೇ. 80 ಅಂತ ಹಿಡಿದರೆ ತಗೊಳ್ಳುವುದು 312 ವಾಟ್. ಎಂಜಿನ್ ಓಡುವಾಗ 13.8 ವೋಲ್ಟಿನಲ್ಲಿ ಅದು ಸುಮಾರು 23 ಆಂಪಿಯರ್. 8 ಚದರ ಮಿಲಿಮೀಟರ್ ತಾಮ್ರದ ವೈರ್, 4 ಮೀಟರ್ ಉದ್ದ, ನಷ್ಟ ಆಗುವುದು ಹೆಚ್ಚುಕಮ್ಮಿ 0.2 ವೋಲ್ಟ್. ಇದೇ ಜಾಗದಲ್ಲಿ 2 ಚದರ ಮಿಲಿಮೀಟರಿನ ವೈರ್ ಹಾಕಿದರೆ ನಷ್ಟ 0.8 ವೋಲ್ಟ್, ಮೇಲೆ ವೈರ್ ಬಿಸಿ. ಫ್ಯೂಸು 30 ಆಂಪಿಯರ್.

ಅವನು ಲೆಕ್ಕ ಒಪ್ಪಿದ, ಆಮೇಲೆ ವೈರ್ ಕೈಗೆ ತಗೊಂಡು ತುದಿಯನ್ನ ಚಾಕುವಿನಿಂದ ಕೆರೆದ. ಒಳಗೂ ಕೆಂಪಾಗೇ ಇದೆಯಾ ಅಂತ ನೋಡಿದ್ದು. ಅಂಗಡಿಗಳಲ್ಲಿ ಸಿಗುವ ರೆಡಿ ಕಿಟ್ಟುಗಳಲ್ಲಿ ಎಷ್ಟೋ ಸಲ ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ ಕೊಟ್ಟ ವೈರ್ ಇರುತ್ತದೆ. ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಅದೇ ದಪ್ಪದ ಅಚ್ಚ ತಾಮ್ರಕ್ಕಿಂತ ಅದರ ರೆಸಿಸ್ಟೆನ್ಸ್ ಸುಮಾರು ಒಂದೂವರೆ ಪಟ್ಟು, ಬಗ್ಗಿಸಿ ಬಗ್ಗಿಸಿ ಅಲ್ಲಾಡಿದರೆ ಬೇಗ ತುಂಡಾಗುತ್ತದೆ, ತೇವ ತಗಲಿದರೆ ಬೂದಿ ಹಿಡಿಯುತ್ತದೆ. ಕುಲುಕುವ, ಒದ್ದೆಯಾಗುವ ಗಾಡಿಗೆ ಅದು ಬೇಡವೇ ಬೇಡ.

ಬ್ಯಾಟರಿಯ ನೆಗೆಟಿವ್ ಬಿಚ್ಚಿಯೇ ಕೆಲಸ ಶುರು. ಫ್ಯೂಸ್ ಇರಬೇಕಾದ್ದು ಬ್ಯಾಟರಿಯ ಪಕ್ಕದಲ್ಲಿ, ಹೆಚ್ಚೆಂದರೆ 45 ಸೆಂಟಿಮೀಟರ್ ಒಳಗೆ. ಆಂಪ್ಲಿಫೈಯರಿನಲ್ಲೇ ಫ್ಯೂಸ್ ಇದೆಯಲ್ಲ ಅಂತ ಕೆಲವರು ಇದನ್ನ ಬಿಡುತ್ತಾರೆ. ಆಂಪ್ಲಿಫೈಯರಿನ ಫ್ಯೂಸು ಆಂಪ್ಲಿಫೈಯರನ್ನ ಕಾಯುತ್ತದೆ. ಬ್ಯಾಟರಿ ಹತ್ತಿರದ ಫ್ಯೂಸು ಕಾಯುವುದು ವೈರನ್ನ, ಅಂದರೆ ಗಾಡಿಯನ್ನ, ಅಂದರೆ ನಿಮ್ಮನ್ನ. ಕಲ್ಲುದಾರಿಯ ಕಂಪನಕ್ಕೆ ಎಲ್ಲೋ ಒಂದು ಕಡೆ ವೈರಿನ ಸಿಪ್ಪೆ ಸವೆದು ತಾಮ್ರ ಬಾಡಿಗೆ ತಗಲಿದರೆ, ಫ್ಯೂಸ್ ಇಲ್ಲದಿದ್ದರೆ ಬ್ಯಾಟರಿಯ ಪೂರ್ತಿ ಶಕ್ತಿ ಅಲ್ಲೇ ಬೆಂಕಿಯಾಗುತ್ತದೆ.

ಎಂಜಿನ್ ಕಡೆಯಿಂದ ಒಳಗೆ ಬರಲು ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡಿನ ಗೋಡೆಯಾದ ಫೈರ್‌ವಾಲಿನಲ್ಲಿ ವೈರ್ ತೂರಲು ಕಂಪನಿಯ ರಬ್ಬರ್ ಬಿರಡೆ, ಅಂದರೆ ಗ್ರೋಮೆಟ್, ಇರುತ್ತದೆ. ಅದಕ್ಕೆ ಸಣ್ಣ ತೂತು ಮಾಡಿ, ವೈರಿಗೆ ಸುಕ್ಕುಸುಕ್ಕಾದ ಪ್ಲಾಸ್ಟಿಕ್ ಪೈಪು ತೊಡಿಸಿ ತೂರಿಸಿದೆವು, ಸುತ್ತ ಸೀಲಂಟ್. ಒಳಗೆ ಹೋಗುವ ಮುಂಚೆ ವೈರನ್ನ ಗ್ರೋಮೆಟ್ಟಿಗಿಂತ ಕೆಳಗೆ ಇಳಿಸಿ ಮತ್ತೆ ಮೇಲೆತ್ತಬೇಕು. ವೈರ್ ಗುಂಟ ಹರಿದು ಬಂದ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ, ಒಳಗೆ ಬರುವುದಿಲ್ಲ. ಬಿಸಿ ಪೈಪಿಗೆ, ಸ್ಟೀರಿಂಗಿನ ಕಂಬಿಗೆ, ಪೆಡಲಿಗೆ ಎಲ್ಲೂ ತಗಲದಂತೆ ಒಂದು ಗೇಣಿಗೊಂದು ಟೈ ಹಾಕಿದೆವು.

ಒಳಗೆ ಬಂದ ಮೇಲೆ ಪವರ್ ವೈರ್ ಒಂದು ಪಕ್ಕದ ಬಾಗಿಲ ಬುಡದಲ್ಲಿ, ಸಿಗ್ನಲ್ ವೈರ್ ಇನ್ನೊಂದು ಪಕ್ಕದಲ್ಲಿ. ಎರಡನ್ನೂ ಜೊತೆಜೊತೆಯಾಗಿ ಎಳೆದರೆ ಆಕ್ಸಿಲರೇಟರ್ ಒತ್ತಿದಂತೆಲ್ಲ ಏರುವ ಕುಂಯ್ ಸದ್ದು ಬರುವ ಸಾಧ್ಯತೆ ಇದೆ.

ಅರ್ತ್ ಕೊಡುವಾಗ ಗೆಳೆಯ ಹೇಳಿದ ಒಂದು ಮಾತು ಇಂಥ ಗಾಡಿ ಇರುವವರೆಲ್ಲ ತಿಳಿದಿರಬೇಕು. ಗಾಡಿಯ ಕೆಳಗೆ ಕಾಣುವ ದಪ್ಪ ಚಾಸಿಯನ್ನ ತೋರಿಸಿ, ಇದಕ್ಕಿಂತ ಗಟ್ಟಿ ಲೋಹ ಇನ್ನೆಲ್ಲಿ ಸಿಗುತ್ತೆ, ಇಲ್ಲಿಗೇ ಕೊಡೋಣ್ವಾ ಅಂತ ಕೇಳಿದೆ.

"ಬೇಡ ಕಣೋ. ಬಾಡಿ ಕೂತಿರೋದು ರಬ್ಬರ್ ಮೇಲೆ. ಚಾಸಿಗೂ ಬಾಡಿಗೂ ನಡುವೆ ಕರೆಂಟ್ ಹೋಗೋಕೆ ಒಂದು ಸಣ್ಣ ಪಟ್ಟಿ ಇದ್ರೆ ಇತ್ತು, ಇಲ್ಲ ಅಂದ್ರೆ ಇಲ್ಲ. ಬ್ಯಾಟರಿ ನೆಗೆಟಿವ್ ಎಲ್ಲಿ ಕೂತಿದೆಯೋ ಆ ಬಾಡಿಗೇ ಕೊಡು."

ನಿಜ. ಜಿಮ್ನಿ ಥರದ ಲ್ಯಾಡರ್ ಫ್ರೇಮ್ ಗಾಡಿಗಳಲ್ಲಿ ಬಾಡಿ ಮತ್ತು ಫ್ರೇಮ್ ನಡುವೆ ರಬ್ಬರ್ ಮೌಂಟ್ ಇರುತ್ತವೆ. ಮಾಮೂಲಿ ಕಾರಿನಲ್ಲಿ ಈ ಪ್ರಶ್ನೆಯೇ ಇಲ್ಲ, ಎಲ್ಲ ಒಂದೇ ಲೋಹ. ಬೂಟಿನೊಳಗೆ, ಆಂಪ್ಲಿಫೈಯರಿಗೆ ಹತ್ತಿರದ ಒಂದು ಬೋಲ್ಟು ಹುಡುಕಿ, ಅದರ ಸುತ್ತ ಬಣ್ಣವನ್ನ ಉಜ್ಜುಕಾಗದದಿಂದ ತೆಗೆದೆವು, ಬಿಳಿ ಲೋಹ ಹೊಳೆಯುವವರೆಗೆ. ಪವರ್ ವೈರಿನಷ್ಟೇ ದಪ್ಪದ ಅರ್ತ್ ವೈರು, ಒಂದು ಮೊಳಕ್ಕಿಂತ ಚಿಕ್ಕದು, ತುದಿಗೆ ಕ್ರಿಂಪ್ ಮಾಡಿದ ಲಗ್, ಹಲ್ಲಿರುವ ವಾಷರ್. ಬಿಗಿದ ಮೇಲೆ ಮೇಲಿಂದ ಬಣ್ಣ ಹೊಡೆದು ಮುಚ್ಚಿದೆವು. ಮಲ್ಟಿಮೀಟರಿನಲ್ಲಿ ನೋಡಿದರೆ ಬ್ಯಾಟರಿಯ ನೆಗೆಟಿವ್‌ಗೂ ಇದಕ್ಕೂ ನಡುವೆ ರೆಸಿಸ್ಟೆನ್ಸ್ ಇಲ್ಲವೇ ಇಲ್ಲ ಅನ್ನುವಷ್ಟು.

ಸ್ಕ್ರೂ ಟರ್ಮಿನಲ್ಲಿಗೆ ಹೋಗುವ ವೈರ್ ತುದಿಗೆ ಬೆಸುಗೆ ಹಾಕಲಿಲ್ಲ. ಬೆಸುಗೆಯ ಸೀಸ ಮೆತ್ತಗಿರುತ್ತದೆ, ಸ್ಕ್ರೂ ಒತ್ತಡಕ್ಕೆ ದಿನ ಕಳೆದಂತೆ ಹರಡಿ ಜಾಗ ಬಿಡುತ್ತದೆ, ಸ್ಕ್ರೂ ಸಡಿಲ ಆಗುತ್ತದೆ. ಅದರ ಬದಲು ಫೆರೂಲ್ ಅನ್ನುವ ಸಣ್ಣ ತಾಮ್ರದ ತೋಳು ತೊಡಿಸಿ ಒತ್ತಿದ್ದೇವೆ.

ಆಂಪ್ಲಿಫೈಯರನ್ನ ನೆಲದ ಮೇಲೆ ಇಡಲಿಲ್ಲ. ಡಬ್ಬದ ಪಕ್ಕಕ್ಕೆ, ಮೇಲಿನ ಅರ್ಧದಲ್ಲಿ, ಸಣ್ಣ ಸ್ಪೇಸರ್ ಕೊಟ್ಟು ಬಿಗಿದೆ. ಹಿಂದೆ ಗಾಳಿ ಆಡುತ್ತದೆ, ನೀರು ಅಷ್ಟು ಎತ್ತರ ಬಂದರೆ ಆಂಪ್ಲಿಫೈಯರ್ ಬಗ್ಗೆ ಯೋಚಿಸುವ ಪರಿಸ್ಥಿತಿ ಇರುವುದಿಲ್ಲ. ಕಂಪನದ ಡಬ್ಬಕ್ಕೇ ಬಿಗಿಯಬಾರದು ಅನ್ನುವವರಿದ್ದಾರೆ, ಅವರ ಮಾತಿನಲ್ಲಿ ಹುರುಳಿದೆ. ಅದಕ್ಕೇ ಸ್ಪೇಸರ್ ರಬ್ಬರಿನದು.

ಗಾಡಿಯ ಜೊತೆ ಬಂದ ಸ್ಟೀರಿಯೋ ಉಳಿಸಿಕೊಂಡಿದ್ದೇನೆ. ಅದಕ್ಕೆ ಸಬ್‌ವೂಫರ್ ಔಟ್‌ಪುಟ್ ಇಲ್ಲ. ಆಂಪ್ಲಿಫೈಯರಿನಲ್ಲಿ ಸ್ಪೀಕರ್ ವೈರನ್ನೇ ನೇರ ಕೊಡಬಹುದಾದ ಹೈ ಲೆವೆಲ್ ಇನ್‌ಪುಟ್ ಇದ್ದದ್ದರಿಂದ ಸ್ಪೀಕರಿಗೆ ಹೋಗುವ ವೈರಿನಿಂದಲೇ ಸಿಗ್ನಲ್ ತಗೊಂಡೆ. ಸಿಗ್ನಲ್ ಬಂದರೆ ತಾನೇ ಆನ್ ಆಗುತ್ತದೆ, ನಿಂತರೆ ಆಫ್. ಒಂದು ವಿಷಯ ಗಮನಿಸಿ, ಎಷ್ಟೋ ಕಂಪನಿ ಸ್ಟೀರಿಯೋಗಳು ವಾಲ್ಯೂಮ್ ಏರಿದಂತೆ ತಾವೇ ಬೇಸ್ ಕಡಿಮೆ ಮಾಡುತ್ತವೆ, ಸಣ್ಣ ಸ್ಪೀಕರ್ ಹರಿಯಬಾರದು ಅಂತ. ಆದ್ದರಿಂದ ಹೊಂದಾಣಿಕೆಯನ್ನ ನೀವು ನಿಜವಾಗಿ ಕೇಳುವ ವಾಲ್ಯೂಮಿನಲ್ಲೇ ಮಾಡಬೇಕು.

ಗೇನ್ ಅನ್ನುವುದು ವಾಲ್ಯೂಮ್ ನಾಬ್ ಅಲ್ಲ. ಸ್ಟೀರಿಯೋದಿಂದ ಬರುವ ಸಿಗ್ನಲ್ಲಿಗೂ ಆಂಪ್ಲಿಫೈಯರಿಗೂ ಜೋಡಿ ಹೊಂದಿಸುವ ಸ್ಕ್ರೂ ಅದು. ಜಾಸ್ತಿ ತಿರುಗಿಸಿದರೆ ಶಕ್ತಿ ಜಾಸ್ತಿ ಆಗುವುದಿಲ್ಲ, ಅಲೆಯ ತಲೆ ಕತ್ತರಿಸಿ ಕಾಯಿಲ್ ಸುಡುತ್ತದೆ. ನಾನು ಮಾಡಿದ್ದು ಹೀಗೆ: ಸ್ಪೀಕರ್ ವೈರ್ ಬಿಚ್ಚಿ, 50 ಹರ್ಟ್ಜ್‌ನ ಟೆಸ್ಟ್ ಟೋನ್ ಹಾಕಿ, ಸ್ಟೀರಿಯೋವನ್ನ ನಾನು ಕೇಳುವ ಗರಿಷ್ಠ ವಾಲ್ಯೂಮಿಗೆ ಇಟ್ಟು, ಆಂಪ್ಲಿಫೈಯರಿನ ಔಟ್‌ಪುಟ್ಟಿಗೆ ಮಲ್ಟಿಮೀಟರ್ ಹಿಡಿದೆ. 250 ವಾಟನ್ನ 4 ಓಮ್‌ನಿಂದ ಗುಣಿಸಿದರೆ 1000, ಅದರ ವರ್ಗಮೂಲ 31.6. ಎಸಿ ವೋಲ್ಟೇಜ್ 31.6 ಮುಟ್ಟುವುದೇ ಮೇಲಿನ ಮಿತಿ. ನಾನು ಅದಕ್ಕಿಂತ ಸಾಕಷ್ಟು ಕೆಳಗೇ ನಿಲ್ಲಿಸಿದೆ, ಕಿವಿಗೆ ಅಷ್ಟು ಸಾಕಿತ್ತು. ಬೇಸ್ ಬೂಸ್ಟ್ ಸೊನ್ನೆ.

ಕ್ರಾಸ್‌ಓವರ್, ಅಂದರೆ ಸಬ್‌ವೂಫರಿಗೆ ಎಲ್ಲಿಂದ ಕೆಳಗಿನ ಸದ್ದು ಹೋಗಬೇಕು ಅನ್ನುವ ಗಡಿ, 80 ಹರ್ಟ್ಜ್. ಅದಕ್ಕಿಂತ ಕೆಳಗಿನ ಸದ್ದು ಎಲ್ಲಿಂದ ಬರುತ್ತಿದೆ ಅಂತ ಕಿವಿ ಗುರುತಿಸುವುದು ಕಷ್ಟ, ಹಾಗಾಗಿ ಡಬ್ಬ ಹಿಂದೆ ಇದ್ದರೂ ಮೃದಂಗ ಮುಂದೆಯೇ ಇದ್ದಂತೆ ಕೇಳುತ್ತದೆ. ಇನ್ನೂ ಮೇಲಕ್ಕೆ, 120ಕ್ಕೆ ಇಟ್ಟು ನೋಡಿ, ಗಂಡಸರ ದನಿಯ ಅಡಿಭಾಗ ಬೂಟಿನಿಂದ ಬರಲು ಶುರುವಾಗುತ್ತದೆ. ಆಮೇಲೆ ಫೇಸ್ ಸ್ವಿಚ್, ಕೋನಿನ ಹಿಂದುಮುಂದಿನ ಚಲನೆಯನ್ನ ತಿರುವುಮುರುವು ಮಾಡುವುದು ಅದು. ಡ್ರೈವರ್ ಸೀಟಿನಲ್ಲಿ ಕೂತು 0 ಮತ್ತು 180 ಎರಡರಲ್ಲೂ ಕೇಳಿ, ಯಾವುದರಲ್ಲಿ ಬೇಸ್ ತುಂಬಿ ಬರುತ್ತದೋ ಅದು ಸರಿ. ನನ್ನ ಗಾಡಿಯಲ್ಲಿ 180. ಸ್ವಿಚ್ ಬದಲಿಸಿದ ಕೂಡಲೇ ಹಿಂದೆ ಎಲ್ಲೋ ಇದ್ದ ಢೋಲಕ್ ಡ್ಯಾಶ್‌ಬೋರ್ಡಿನ ಮೇಲೆ ಬಂದು ಕೂತಿತು.

ಇಷ್ಟಾದ ಮೇಲೆ ಹೊಸ ಗಲಾಟೆ ಶುರುವಾಯಿತು, ಗಾಡಿಯೇ ಹಾಡತೊಡಗಿತು. ಹಿಂದಿನ ಬಾಗಿಲಿಗೆ ಸ್ಟೆಪ್ನಿ ನೇತಾಡುತ್ತದೆ, ಅದರ ಸುತ್ತ ತಗಡು, ನಂಬರ್ ಪ್ಲೇಟು, ಒಳಗೆ ಪ್ಲಾಸ್ಟಿಕ್. 30ರಿಂದ 100 ಹರ್ಟ್ಜ್‌ವರೆಗೆ ನಿಧಾನವಾಗಿ ಏರುವ ಟೋನ್ ಹಾಕಿ, ಒಬ್ಬರು ಒಳಗೆ ಕೂತು, ಇನ್ನೊಬ್ಬರು ಎಲ್ಲ ಕಡೆ ಕೈಯಿಟ್ಟು ಒತ್ತುತ್ತಾ ಹೋಗಬೇಕು. ಪ್ರತಿಯೊಂದು ಭಾಗವೂ ತನ್ನದೇ ಒಂದು ಸ್ವರಕ್ಕೆ ಎದ್ದು ಕುಣಿಯುತ್ತದೆ. ಖಾಲಿ ಸೀಟ್ ಬೆಲ್ಟಿನ ಬಕಲ್ ಪ್ಲಾಸ್ಟಿಕ್ಕಿಗೆ ಬಡಿಯುವ ಟಕಟಕ ಹುಡುಕಲು ತುಂಬಾ ಹೊತ್ತು ಬೇಕಾಯಿತು. ನಂಬರ್ ಪ್ಲೇಟಿನ ಹಿಂದೆ ಫೋಮ್ ಟೇಪು, ಜ್ಯಾಕಿಗೆ ಬಟ್ಟೆ ಸುತ್ತಿದ್ದು, ಪ್ಲಾಸ್ಟಿಕ್ ಕ್ಲಿಪ್ಪುಗಳ ಸುತ್ತ ಬಟ್ಟೆಯ ಟೇಪು. ಬಾಗಿಲ ಒಳ ತಗಡಿಗೆ ಅಲ್ಯೂಮಿನಿಯಂ ಬೆನ್ನಿನ ಬ್ಯೂಟೈಲ್ ಶೀಟ್ ಅಂಟಿಸಿದೆ. ಪೂರ್ತಿ ಮುಚ್ಚಬೇಕಿಲ್ಲ, ತಗಡಿನ ನಡುಭಾಗದಲ್ಲಿ ಕಾಲು ಭಾಗದಷ್ಟು ಅಂಟಿಸಿದರೂ ಝಣಝಣ ಅನ್ನುವುದು ಡಬ್ ಅನ್ನುವಂತೆ ಬದಲಾಗುತ್ತದೆ. ಕೆಳಗಿರುವ ನೀರು ಹೋಗುವ ತೂತುಗಳನ್ನ ಮಾತ್ರ ಮುಚ್ಚಬೇಡಿ, ಬಾಗಿಲೊಳಗೆ ನೀರು ನಿಂತು ತುಕ್ಕು ಹಿಡಿಯುತ್ತದೆ. ಈ ಶೀಟಿನಿಂದ ರಸ್ತೆಯ ಸದ್ದೂ ಸ್ವಲ್ಪ ಇಳಿಯಿತು.

ಮೊದಲ ಕಲ್ಲುದಾರಿಯ ಓಡಾಟ ಮುಗಿಸಿ ಬಂದು ಪಾನಾ ಹಿಡಿದು ಎಲ್ಲ ಬೋಲ್ಟು ಮುಟ್ಟಿ ನೋಡಿದೆ. ಬ್ರಾಕೆಟ್ಟು ಅಲ್ಲಾಡಿರಲಿಲ್ಲ. ಸ್ಪೀಕರಿನ ಸ್ಕ್ರೂಗಳು ಮಾತ್ರ ಕಾಲು ಸುತ್ತು ಬಿಗಿಯಾದವು, ಹೊಸ ಗ್ಯಾಸ್ಕೆಟ್ ಒತ್ತಿ ಕೂತ ಮೇಲೆ ಅದು ಸಹಜ. ಪ್ರತಿ ಬೋಲ್ಟಿನ ತಲೆಯಿಂದ ಬ್ರಾಕೆಟ್ಟಿನವರೆಗೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆದಿದ್ದೇನೆ. ಬೋಲ್ಟು ತಿರುಗಿದ್ದರೆ ಗೆರೆ ಮುರಿದು ಕಾಣುತ್ತದೆ, ಪಾನಾ ಇಲ್ಲದೆಯೇ ಗೊತ್ತಾಗುತ್ತೆ.

ಓಡಿಸುವಾಗ ಈಗ ವಾಲ್ಯೂಮ್ ಮೊದಲಿಗಿಂತ ಕೆಳಗೇ ಇರುತ್ತದೆ. ಪಕ್ಕದಲ್ಲಿ ಕೂತವರ ಜೊತೆ ದನಿ ಏರಿಸದೆ ಮಾತಾಡಬಹುದು, ಹಾಡೂ ಕೇಳುತ್ತಿರುತ್ತದೆ. ಎಂಜಿನ್ ಆಫ್ ಮಾಡಿ ಕೇಳುವಾಗ ಬ್ಯಾಟರಿಯ ಮೇಲೆ ಒಂದು ಕಣ್ಣಿಟ್ಟಿರುತ್ತೇನೆ. ಪೂರ್ತಿ ಚಾರ್ಜಿನ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ, 12.2ಕ್ಕೆ ಬಂದರೆ ಅರ್ಧ ಖಾಲಿ ಅಂತ ಲೆಕ್ಕ. ಜನ ಇಲ್ಲದ ಕಡೆ ಗಾಡಿ ನಿಲ್ಲಿಸಿದಾಗ ಅದಕ್ಕಿಂತ ಕೆಳಗೆ ಬಿಡುವುದಿಲ್ಲ.

ಬೂಟು ಪೂರ್ತಿ ಬೇಕಾದ ದಿನ ಡಬ್ಬ ಇಳಿಸಬೇಕಲ್ಲ. ಅದಕ್ಕೆ ಆಂಪ್ಲಿಫೈಯರಿನ ಪವರ್ ವೈರ್ ನಡುವೆ 50 ಆಂಪಿಯರಿನ ದಪ್ಪ ಪ್ಲಗ್ ಹಾಕಿದ್ದೇನೆ, ಸಿಗ್ನಲ್ಲಿಗೆ ಒಂದು ಚಿಕ್ಕ ಪ್ಲಗ್. ಎಳೆದು ಬಿಚ್ಚಿ, ಗಾಡಿಯ ಕಡೆಯ ತುದಿಗೆ ರಬ್ಬರ್ ಮುಚ್ಚಳ ಹಾಕಿ, ಬೋಲ್ಟು ತೆಗೆದರೆ ಡಬ್ಬವೂ ಆಂಪ್ಲಿಫೈಯರೂ ಒಟ್ಟಿಗೆ ಆಚೆ ಬರುತ್ತವೆ. ಕಂಪನಿಯ ಕೊಂಡಿಗಳನ್ನ ಅದೇ ಜಾಗಕ್ಕೆ ವಾಪಸ್ ಬಿಗಿದರೆ ಬೂಟು ಮೊದಲಿನ ಹಾಗೇ ಸಾಮಾನಿಗೆ ಸಿದ್ಧ.